ತೊರೆ ಮುಡುಕಿದಲ್ಲಿ ನಿಂತು

ಶಿವರಾತ್ರಿಯನ್ನು ಹಿರಿಯರು ಆಕಾಶ ನೋಡುವವರಿಗೆಂದೇ ಇಟ್ಟರೇನೋ ಎಂದು ನನಗೆ ಎಷ್ಟೋ ಸಲ ಅನಿಸಿದ್ದಿದೆ. ಮಾಘ ಬಹುಳ ಚತುರ್ದಶಿ, ಬೆಳಕು ಹರಿಯುವ ಹೊತ್ತಿನವರೆಗೆ ಚಂದ್ರನ ಕಾಟವಿಲ್ಲ. ಮೋಡದ ಕಾಲ ಮುಗಿದಿರುತ್ತದೆ. ರಾತ್ರಿಯಿಡೀ ಎದ್ದಿದ್ದರೆ ಮನೆಯಲ್ಲಿ ಯಾರೂ ಬೈಯುವುದಿಲ್ಲ, ಪುಣ್ಯ ಬೇರೆ.

ಅಂಥದೊಂದು ಶಿವರಾತ್ರಿಗೆ ಮುಡುಕುತೊರೆಯ ಗುಡ್ಡದ ಮೆಟ್ಟಿಲ ಮೇಲೆ ಕೂತಿದ್ದೆ. ತಲಕಾಡಿನ ಪಂಚಲಿಂಗಗಳಲ್ಲಿ ಒಂದಾದ ಮಲ್ಲಿಕಾರ್ಜುನನ ಗುಡಿ ಮೇಲೆ, ಕಾವೇರಿ ಕೆಳಗೆ. ತಿ. ನರಸೀಪುರದಲ್ಲಿ ಕಪಿಲೆಯನ್ನು ಕೂಡಿಕೊಂಡು ಬರುವ ಹೊಳೆ ಇಲ್ಲಿ ಬಾಗಿ ತಿರುಗುತ್ತದೆ. ಮುಡುಕು ಎಂದರೆ ಆ ತಿರುವೇ. ಊರಿನ ಹೆಸರೇ ಊರಿನ ನಕ್ಷೆ.

ಬೆಳಗಿನ ಜಾವ ಮೂರು ದಾಟಿತ್ತು. ದಕ್ಷಿಣಕ್ಕೆ ಬೈನಾಕ್ಯುಲರ್ ಹಿಡಿದು ಅಲುಗದೆ ಕೂತಿದ್ದೆ. ಕಂಬಳಿ ಹೊದ್ದ ಯಜಮಾನರೊಬ್ಬರು ಪಕ್ಕದ ಮೆಟ್ಟಿಲಿನಿಂದ ಕೇಳಿದರು: ‘ಏನ್ ಸಾಮಿ, ಆಗ್ಲಿಂದ ಅದೇ ದಿಕ್ಕು ನೋಡ್ತಾ ಇದ್ದೀರಿ, ಎಲ್ಲಾರ ಬೆಂಕಿ ಬಿದ್ದದಾ?’

‘ನೀವೇ ನೋಡಿ ಯಜಮಾನ್ರೇ’ ಎಂದು ಕೊಟ್ಟೆ. ಎಲ್ಲಿ ನೋಡಬೇಕೆಂದು ತೋರಿಸುವುದಕ್ಕೆ ಐದು ನಿಮಿಷ ಹಿಡಿಯಿತು. ಆಮೇಲೆ ಅವರು ಬಹಳ ಹೊತ್ತು ಮಾತಾಡಲಿಲ್ಲ. ‘ರಾಗಿ ಹಿಟ್ಟು ಚೆಲ್ದಂಗದೆ’ ಎಂದರು.

ಅದು ಒಮೆಗಾ ಸೆಂಟಾರಿ. ಹದಿನೇಳು ಸಾವಿರ ಜ್ಯೋತಿರ್ವರ್ಷ ದೂರದ ನಕ್ಷತ್ರಗುಚ್ಛ. ಹಿಟ್ಟಿನಂತೆ ಕಾಣುವುದರಲ್ಲಿ ಸುಮಾರು ಒಂದು ಕೋಟಿ ನಕ್ಷತ್ರಗಳಿವೆ ಎಂದೆ. ಅವರು ಬೈನಾಕ್ಯುಲರ್ ಇಳಿಸದೆಯೇ ಕೇಳಿದರು: ‘ಅಷ್ಟೊಂದು ಒಂದೇ ಕಡೆ ಯಾಕ್ ಸೇರ್ಕಂಡ್ವು?’

ಗೆಲಾಕ್ಸಿಗಳ ಹುಟ್ಟು, ಬೆಳವಣಿಗೆ ಎಂದು ಖಗೋಳ ವಿಜ್ಞಾನಿಗಳು ನೂರು ವರ್ಷದಿಂದ ಬೆನ್ನು ಹತ್ತಿರುವುದು ಇದೇ ಪ್ರಶ್ನೆಯನ್ನು. 1925ರ ಜನವರಿ 1ರಂದು ಎಡ್ವಿನ್ ಹಬಲ್‌ನ ಲೆಕ್ಕ ವಿಜ್ಞಾನಿಗಳ ಸಭೆಯೊಂದರಲ್ಲಿ ಓದಲ್ಪಟ್ಟು, ಆಂಡ್ರೊಮಿಡಾ ನಮ್ಮ ಆಕಾಶಗಂಗೆಯ ಹೊರಗಿರುವ ಇನ್ನೊಂದು ಗೆಲಾಕ್ಸಿ ಎಂದು ಖಾತ್ರಿಯಾಯಿತು. ಅಲ್ಲಿಯವರೆಗೆ ಇದ್ದದ್ದೆಲ್ಲ ನಮ್ಮ ಮನೆಯಂಗಳವೇ ಎಂದುಕೊಂಡವರು ಬಹಳ ಮಂದಿ.

ಯಜಮಾನರಿಗೆ ಅಂದು ಕೊಟ್ಟ ಉತ್ತರ ಅರೆಬರೆ. ಪೂರ್ತಿ ಉತ್ತರ ಹೀಗಿದೆ. ಮೊದಲು ಕಪ್ಪು ದ್ರವ್ಯ. ಅದು ಕಾಣುವುದಿಲ್ಲ, ಅದರ ಸೆಳೆತ ಮಾತ್ರ ತಿಳಿಯುತ್ತದೆ. ಅದು ಅಲ್ಲಲ್ಲಿ ಒಟ್ಟಾಗಿ ಹಳ್ಳಗಳಾಯಿತು ಎಂದುಕೊಳ್ಳಿ. ಹಳ್ಳಕ್ಕೆ ನೀರು ಹರಿದಂತೆ ಜಲಜನಕದ ಅನಿಲ ಅಲ್ಲಿಗೆ ಇಳಿಯಿತು. ಇಳಿಯುತ್ತ ತಣ್ಣಗಾಯಿತು, ತಿರುಗುತ್ತ ತಟ್ಟೆಯಂತೆ ಚಪ್ಪಟೆಯಾಯಿತು, ತಟ್ಟೆಯಲ್ಲಿ ದಟ್ಟವಾದಲ್ಲೆಲ್ಲ ನಕ್ಷತ್ರ ಹೊತ್ತಿಕೊಂಡಿತು. ಚಿಕ್ಕ ಹಳ್ಳಗಳು ದೊಡ್ಡದಕ್ಕೆ ಸೇರಿದವು. ಹಾಗೆ ಸೇರಿಸಿಕೊಳ್ಳುವ ಕೆಲಸ ಇನ್ನೂ ಮುಗಿದಿಲ್ಲ.

ರಾಗಿ ಹಿಟ್ಟಿನ ಆ ಚೆಲ್ಲು ಇದಕ್ಕೆ ಸಾಕ್ಷಿ. ಇಂಥ ಗುಚ್ಛದ ನಕ್ಷತ್ರಗಳು ಸಾಮಾನ್ಯವಾಗಿ ಒಂದೇ ಹೊತ್ತಿಗೆ ಹುಟ್ಟಿದ ಓರಗೆಯವು. ಒಮೆಗಾ ಸೆಂಟಾರಿಯಲ್ಲಿ ಹಾಗಲ್ಲ, ಹಲವು ತಲೆಮಾರಿನವು ಒಟ್ಟಿಗಿವೆ. 2024ರಲ್ಲಿ ಹಬಲ್ ದೂರದರ್ಶಕದ ಎರಡು ದಶಕಗಳ ಚಿತ್ರಗಳನ್ನು ಹೋಲಿಸಿದಾಗ, ಅದರ ನಡುವೆ ಕನಿಷ್ಠ 8,200 ಸೂರ್ಯರ ತೂಕದ ಕಪ್ಪುಕುಳಿ ಇದೆ ಎಂಬುದಕ್ಕೆ ಬಲವಾದ ಪುರಾವೆ ಸಿಕ್ಕಿತು. ಹಿಂದೊಮ್ಮೆ ನಮ್ಮ ಆಕಾಶಗಂಗೆ ನುಂಗಿದ ಪುಟ್ಟ ಗೆಲಾಕ್ಸಿಯೊಂದರ ಉಳಿದ ತಿರುಳೇ ಇದು ಎಂದು ಬಹಳಷ್ಟು ವಿಜ್ಞಾನಿಗಳ ನಂಬಿಕೆ. ಹಲಸಿನ ತೊಳೆ ತಿಂದಾದ ಮೇಲೆ ಬೀಜ ಉಳಿದ ಹಾಗೆ.

ಗುಡ್ಡದ ಮೇಲಿಂದ ಬೆಳಗಿನ ಬೆಳಕಿನಲ್ಲಿ ಹೊಳೆಯ ಬಾಗು ಕಂಡಾಗ ಇನ್ನೊಂದು ವಿಷಯ ನೆನಪಾಗುತ್ತದೆ. ಮುಡುಕು ಅಲ್ಲೇ ಇದೆ, ನೀರು ಮಾತ್ರ ಕ್ಷಣವೂ ನಿಂತಿಲ್ಲ. ಸುರುಳಿ ಗೆಲಾಕ್ಸಿಗಳ ತೋಳುಗಳೂ ಹೀಗೆಯೇ ಎಂದು 1964ರಲ್ಲಿ ವಿಜ್ಞಾನಿಗಳಾದ ಲಿನ್ ಮತ್ತು ಶು ವಾದಿಸಿದರು. ತೋಳಿನ ಆಕಾರ ಉಳಿಯುತ್ತದೆ, ನಕ್ಷತ್ರಗಳು ಒಳಹೊಕ್ಕು ಹೊರಬರುತ್ತಿರುತ್ತವೆ. ಇಲ್ಲಿಯ ಜಾತ್ರೆಗೆ ಬಂದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬೆಂಡು ಬತ್ತಾಸಿನ ಅಂಗಡಿ ಮುಂದೆ ಇಡೀ ದಿನ ನೂಕುನುಗ್ಗಲು. ಆದರೆ ಬೆಳಿಗ್ಗೆ ನಿಂತವರು ಸಂಜೆ ಅಲ್ಲಿಲ್ಲ. ಹಾಗೆ ಒತ್ತೊತ್ತಾದ ಕಡೆ ಅನಿಲವೂ ಅದುಮಿಕೊಂಡು ಹೊಸ ನಕ್ಷತ್ರಗಳು ಹುಟ್ಟುತ್ತವೆ. ತೋಳುಗಳು ಹೊಳೆಯುವುದು ಅದಕ್ಕೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಗೆಲಾಕ್ಸಿಗಳ ಚಲನೆಯನ್ನು ಅಭ್ಯಾಸ ಮಾಡಿದ ಚಂದಾ ಜೋಗ್ ಅವರು 1984ರಲ್ಲಿ ಫಿಲಿಪ್ ಸಾಲೊಮನ್ ಜೊತೆ ಹಾಕಿದ ಲೆಕ್ಕ ನನಗೆ ಬಹಳ ಇಷ್ಟ. ತಟ್ಟೆಯಲ್ಲಿ ನಕ್ಷತ್ರಗಳದ್ದೇ ದೊಡ್ಡ ಪಾಲಾದರೂ ತಣ್ಣನೆಯ ಅನಿಲ ಸ್ವಲ್ಪ ಬೆರೆತಿದ್ದರೆ ಸಾಕು, ಇಡೀ ತಟ್ಟೆಯ ಸ್ಥಿರತೆ ಬದಲಾಗುತ್ತದೆ ಎಂದಿತು ಆ ಲೆಕ್ಕ. ಹಾಲಿಗೆ ಹೆಪ್ಪು ಎಷ್ಟು ಬೇಕು?

ಇನ್ನು ನಮ್ಮ ನಾಡಿನ ಕೈಚಳಕ. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಅತಿನೇರಳೆ ಬೆಳಕನ್ನು ನೋಡುವ ಜೋಡಿ ದೂರದರ್ಶಕವಿದೆ. ಅದನ್ನು ಜೋಡಿಸಿದ್ದು ಭಾರತೀಯ ಖಭೌತ ಸಂಸ್ಥೆಯ ಹೊಸಕೋಟೆ ಆವರಣದಲ್ಲಿ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರ್ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದೂ ಇದೇ ಆವರಣದಿಂದ. ಆಸ್ಟ್ರೋಸ್ಯಾಟಿನ ಕನ್ನಡಿಗಳು ದೊಡ್ಡವಲ್ಲ, ಒಂದೊಂದೂ 38 ಸೆಂಟಿಮೀಟರ್‌ನಷ್ಟು, ಅಕ್ಕಿ ಕೇರುವ ಮೊರದ ಅಗಲ. ಅತಿನೇರಳೆಯೇ ಏಕೆ? ಆ ಬೆಳಕನ್ನು ಹೆಚ್ಚಾಗಿ ಚೆಲ್ಲುವುದು ಈಗಷ್ಟೇ ಹುಟ್ಟಿದ, ಬಿಸಿಯಾದ, ಭಾರಿ ನಕ್ಷತ್ರಗಳು. ಅವುಗಳ ಆಯುಸ್ಸೂ ಕಡಿಮೆ, ಕೆಲವೇ ಕೋಟಿ ವರ್ಷ. ಹಾಗಾಗಿ ಅತಿನೇರಳೆ ಕಂಡಲ್ಲಿ ಹೆರಿಗೆಮನೆ ಇದೆ ಎಂದೇ ಅರ್ಥ. ನಮ್ಮ ವಾತಾವರಣ ಈ ಬೆಳಕನ್ನು ತಡೆಯುವುದರಿಂದ ಮೇಲೇರದೆ ಬೇರೆ ದಾರಿಯಿಲ್ಲ.

2016ರ ಅಕ್ಟೋಬರಿನಲ್ಲಿ ಈ ಮೊರದಗಲದ ಕನ್ನಡಿ ಆಕಾಶದ ಒಂದೇ ಚೂರನ್ನು 28 ಗಂಟೆಗೂ ಹೆಚ್ಚು ನೋಡಿತು. ಆ ದತ್ತಾಂಶ ಸೋಸಿ, ಅನುಮಾನಿಸಿ, ಮತ್ತೆ ಸೋಸಿ 2020ರಲ್ಲಿ ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾದ ಕನಕ್ ಸಾಹಾ ಮತ್ತು ಸಂಗಡಿಗರು ಪ್ರಕಟಿಸಿದರು: 930 ಕೋಟಿ ವರ್ಷ ಹಿಂದೆ ಹೊರಟ ತೀವ್ರ ಅತಿನೇರಳೆ ಬೆಳಕು ಒಂದು ಗೆಲಾಕ್ಸಿಯಿಂದ ಸಿಕ್ಕಿದೆ. ಕನ್ನಡಿ ಆರು ಪಟ್ಟು ದೊಡ್ಡದಾದ ಹಬಲ್‌ಗೆ ಆ ಬೆಳಕು ದಕ್ಕಿರಲಿಲ್ಲ. ನಮ್ಮ ಸಾಧನದಲ್ಲಿ ಹಿನ್ನೆಲೆಯ ಗದ್ದಲ ಕಡಿಮೆ, ಅದೇ ಗುಟ್ಟು. ಗಾತ್ರಕ್ಕಿಂತ ನಿಶ್ಶಬ್ದ ಹೆಚ್ಚು ಕೇಳಿಸಿಕೊಳ್ಳುತ್ತದೆ.

ಆದರೆ ನನ್ನ ಮಟ್ಟಿಗೆ ಈ ದೂರದರ್ಶಕದ ಅತಿ ಸೊಗಸಾದ ಫಸಲು 2022ರದು. ಅಸ್ಸಾಮಿನ ತೇಜ್‌ಪುರ ವಿಶ್ವವಿದ್ಯಾಲಯದ ಅಂಶುಮಾನ್ ಬೊರ್ಗೊಹಾಯಿ, ಕನಕ್ ಸಾಹಾ ಮತ್ತಿತರರು ನೂರು ಕೋಟಿ ಜ್ಯೋತಿರ್ವರ್ಷಕ್ಕೂ ಆಚೆಯ ಹನ್ನೊಂದು ಕುಬ್ಜ ಗೆಲಾಕ್ಸಿಗಳನ್ನು ನೋಡಿದರು. ಮಾಮೂಲಿ ಬೆಳಕಿನಲ್ಲಿ ಗೆಲಾಕ್ಸಿ ಮುಗಿಯಿತು ಎನಿಸುವ ಗೆರೆಯ ಆಚೆ ಅತಿನೇರಳೆ ಇನ್ನೂ ಮಿನುಗುತ್ತಿತ್ತು. ಅಲ್ಲಿ, ಆ ಹೊರ ಅಂಚಿನಲ್ಲಿ, ಹೊಸ ನಕ್ಷತ್ರಗಳ ಗಂಟುಗಳಿದ್ದವು. ಅವು ಕಾಲಕ್ರಮದಲ್ಲಿ ಒಳಕ್ಕೆ ಸರಿಯುತ್ತ ಗೆಲಾಕ್ಸಿಯನ್ನು ಕಟ್ಟುತ್ತವೆ ಎಂಬುದು ಅವರ ತೀರ್ಮಾನ.

ಗೆಲಾಕ್ಸಿ ಎಂದರೆ ನಮ್ಮ ಕಣ್ಣು ಹೋಗುವುದು ನಟ್ಟನಡುವಿನ ಬೆಳಕಿನ ಉಂಡೆಗೆ. ಫೋಟೋ ತೆಗೆಯುವವರೂ ಅದಕ್ಕೇ ಸೋಲುತ್ತಾರೆ. ಈ ಹುಚ್ಚಿಗೆ ಬಿದ್ದು ಇಷ್ಟು ವರ್ಷವಾದ ಮೇಲೆ ನನ್ನ ಅಭಿಪ್ರಾಯ ಬೇರೆ: ರುಚಿಯಿರುವುದು ಅಂಚಿನಲ್ಲಿ. ಬಾಗಿನ ಹೊರದಂಡೆಯನ್ನು ಹೊಳೆ ಕೊರೆಯುತ್ತದೆ, ಒಳದಂಡೆಯಲ್ಲಿ ಮರಳು ಪೇರಿಸುತ್ತದೆ. ನಡುನೀರು ಎಲ್ಲ ಕಡೆಯೂ ಒಂದೇ ಥರ. ಹೊಳೆಯ ಚರಿತ್ರೆ ಬರೆದಿರುವುದು ದಂಡೆಯಲ್ಲಿ. ಮರಳಿನಡಿ ಗುಡಿಗಳನ್ನೇ ಹೂತುಕೊಂಡ ತಲಕಾಡಿನ ನೆರೆಯವರಿಗೆ ಇದು ಹೊಸ ಮಾತಲ್ಲ.

ನೋಡುವ ಮನಸ್ಸಿರುವವರಿಗೆ ದಾರಿ ಹೇಳುತ್ತೇನೆ. ಶಿವರಾತ್ರಿ ಸಂಜೆ ಏಳೂವರೆಗೆ ವಾಯವ್ಯದಲ್ಲಿ, ನೆಲದಿಂದ ಚಾಚಿದ ಕೈಯ ಒಂದೂವರೆಯಿಂದ ಮೂರು ಮುಷ್ಟಿ ಎತ್ತರದಲ್ಲಿ ಆಂಡ್ರೊಮಿಡಾ ಗೆಲಾಕ್ಸಿ ಮುಳುಗುವ ಹಾದಿಯಲ್ಲಿರುತ್ತದೆ. 25 ಲಕ್ಷ ಜ್ಯೋತಿರ್ವರ್ಷ ದೂರ. ತಪ್ಪಿದರೆ ಬೇಸರ ಬೇಡ, ದೀಪಾವಳಿ ಅಮಾವಾಸ್ಯೆಯ ಇರುಳು ಅದು ಉತ್ತರದಲ್ಲಿ ಎತ್ತರದಲ್ಲಿ ಸಿಗುತ್ತದೆ. ಬೆಳಗಿನ ಜಾವ ಮೂರರಿಂದ ನಾಲ್ಕರ ನಡುವೆ ದಕ್ಷಿಣಕ್ಕೆ ಮುಖ ಮಾಡಿ. ಎತ್ತರದಲ್ಲಿ ಬೆಳ್ಳಗೆ ಹೊಳೆಯುವುದು ಚಿತ್ತಾ ನಕ್ಷತ್ರ. ಕೈ ಚಾಚಿ ಮುಷ್ಟಿ ಹಿಡಿದು ಅದರಿಂದ ನೇರ ಕೆಳಕ್ಕೆ ಮೂರೂವರೆ ಮುಷ್ಟಿ ಇಳಿಯಿರಿ. ಅಲ್ಲಿ ಒಮೆಗಾ ಸೆಂಟಾರಿ. ಲಂಡನ್ನಿನವರಿಗೆ ಇದು ಕಾಣುವುದೇ ಇಲ್ಲ, ಎಡ್ಮಂಡ್ ಹ್ಯಾಲಿ 1677ರಲ್ಲಿ ಇದನ್ನು ಗುರುತಿಸಿದ್ದು ಸೇಂಟ್ ಹೆಲೆನಾ ದ್ವೀಪಕ್ಕೆ ಹಡಗಿನಲ್ಲಿ ಹೋಗಿ. ನಮಗೆ ಮೆಟ್ಟಿಲು ಹತ್ತಿದರೆ ಸಾಕು. ಇನ್ನೂ ಕೂತಿರುವ ತಾಳ್ಮೆಯಿದ್ದರೆ ಐದು ಗಂಟೆಯ ಒಳಗೆ ಆಗ್ನೇಯದಲ್ಲಿ ವೃಶ್ಚಿಕ, ಧನು ರಾಶಿಗಳ ನಡುವೆ ನಮ್ಮ ಆಕಾಶಗಂಗೆಯ ನಡುಭಾಗ ಎದ್ದಿರುತ್ತದೆ.

ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಕೊಡಿ, ಮೊಬೈಲು ಜೇಬಿನಲ್ಲೇ ಇರಲಿ. ಬೈನಾಕ್ಯುಲರನ್ನು ಪಕ್ಕದ ಮೆಟ್ಟಿಲಿನವರಿಗೂ ಒಮ್ಮೆ ಕೊಡಿ. ಒಳ್ಳೆಯ ಪ್ರಶ್ನೆ ಬರುವುದು ಅಲ್ಲಿಂದ.