ಗಡ್ಡ ನೆನೆಯುವ ಮೂರು ನಿಮಿಷ

ಮೇಲಿನ ಮನೆಯ ಹುಡುಗ ಈಚೆಗೊಂದು ದಿನ ಬಾಗಿಲಿಗೆ ಬಂದು ನಿಂತ. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಕಾಲರಿನ ಅಂಚು ತಾಗುವ ಜಾಗದಲ್ಲಿ ಸಾಸಿವೆ ಚೆಲ್ಲಿದ ಹಾಗೆ ಕೆಂಪು ಗುಳ್ಳೆಗಳು. "ಅಂಕಲ್, ಮೂರು ಬ್ಲೇಡಿಂದು ಬಿಟ್ಟು ಐದು ಬ್ಲೇಡಿಂದು ತಗೊಂಡೆ. ಉರಿ ಇನ್ನೂ ಜಾಸ್ತಿ ಆಯ್ತು. ಯಾವ ರೇಜರ್ ತಗೊಳ್ಳಲಿ?" ಎಂದ. "ರೇಜರ್ ಮಾತು ಆಮೇಲಾಡೋಣ ಕಣಪ್ಪ, ನೀನು ಹೇಗೆ ಮಾಡ್ಕೋತೀಯ ಅದನ್ನ ಹೇಳು" ಎಂದೆ. ಬೆಳಿಗ್ಗೆ ಎದ್ದವನೇ ಡಬ್ಬಿಯ ನೊರೆ ಒತ್ತಿ ಹಚ್ಚಿಕೊಂಡು, ಕುತ್ತಿಗೆಯಿಂದ ಗಲ್ಲದವರೆಗೆ ಮೇಲ್ಮುಖವಾಗಿ ಎಳೆದು, ಎರಡೇ ನಿಮಿಷದಲ್ಲಿ ಮುಗಿಸಿ ಸ್ನಾನಕ್ಕೆ ಹೋಗುತ್ತಾನಂತೆ.

ಉರಿಯ ಮೂಲ ಅಲ್ಲೇ ಸಿಕ್ಕಿತು. ಕ್ಷೌರ ಮುಗಿಸಿ, ತಲೆಗೆ ನೀರು ಹಾಕಿಕೊಂಡ ಮೇಲೆಯೇ ಮಿಕ್ಕ ಕೆಲಸ ಎಂಬ ಪದ್ಧತಿಯಲ್ಲಿ ಬೆಳೆದವರು ನಾವು. ಪದ್ಧತಿಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅದರಿಂದಾಗಿ ನಮ್ಮಲ್ಲಿ ಬಹುಪಾಲು ಗಂಡಸರು ಒಣಗಡ್ಡದ ಮೇಲೆ ಬ್ಲೇಡು ಆಡಿಸುತ್ತಾರೆ. ಗಡ್ಡದ ಕೂದಲು ತಲೆಗೂದಲಿಗಿಂತ ದಪ್ಪ, ಬಿರುಸು. ನೀರು ಕುಡಿದರೆ ಮಾತ್ರ ಉಬ್ಬಿ ಮೆತ್ತಗಾಗುತ್ತದೆ. ಅದಕ್ಕೆ ಎರಡು ಮೂರು ನಿಮಿಷ ಹಿಡಿಯುತ್ತದೆ. ಉದ್ದು ನೆನೆಸದೆ ಒರಳಿಗೆ ಹಾಕುವವರುಂಟೇ? ಹಾಗಾಗಿ ಆ ಹುಡುಗನಿಗೆ ಮೊದಲು ಹೇಳಿದ್ದು ಇಷ್ಟೇ: ಬಚ್ಚಲಿಗೆ ಹೋಗಿ ಎರಡು ಚೊಂಬು ಬಿಸಿನೀರು ಹೊಯ್ದುಕೋ, ಮುಖ ಚೆನ್ನಾಗಿ ನೆನೆಯಲಿ, ಅಲ್ಲೇ ಕನ್ನಡಿ ಇಟ್ಟುಕೊಂಡು ಗಡ್ಡ ತೆಗೆ, ಆಮೇಲೆ ಸ್ನಾನ ಮುಂದುವರಿಸು. ಪದ್ಧತಿಯೂ ಉಳಿಯಿತು, ಕುತ್ತಿಗೆಯೂ ಉಳಿಯಿತು.

ಇದನ್ನು ನಾನು ಕಲಿತದ್ದು ನಮ್ಮೂರಿನ ಬಸ್ ಸ್ಟ್ಯಾಂಡ್ ಪಕ್ಕದ ಕಟಿಂಗ್ ಶಾಪಿನಲ್ಲಿ. ಮಂಗಳವಾರ ಬಿಟ್ಟು ವಾರವಿಡೀ ತೆರೆದಿರುತ್ತಿದ್ದ ಅಂಗಡಿ. ಅಲ್ಲಿನ ಹಿರಿಯರು ಕತ್ತಿ ಮುಟ್ಟುವ ಮೊದಲು ಬೆರಳಿನ ಹಿಂಬದಿಯನ್ನು ನನ್ನ ಕುತ್ತಿಗೆಯ ಮೇಲೆ ಒಮ್ಮೆ ಕೆಳಕ್ಕೆ, ಒಮ್ಮೆ ಮೇಲಕ್ಕೆ, ಒಮ್ಮೆ ಅಡ್ಡಕ್ಕೆ ಆಡಿಸುತ್ತಿದ್ದರು. ಕೂದಲು ಯಾವ ಕಡೆಗೆ ಮಲಗಿದೆ ಎಂದು ನೋಡುವ ಕ್ರಮ ಅದು. ಆಮೇಲೆ ನೀರು ಚಿಮುಕಿಸಿ ಗಡ್ಡವನ್ನು ಬೆರಳಲ್ಲಿ ತಿಕ್ಕುವರು. ದುಂಡನೆಯ ಸೋಪಿನ ಮೇಲೆ ಬ್ರಶ್ ಆಡಿಸಿ ನೊರೆ ಎಬ್ಬಿಸಿ ಹಚ್ಚುವರು. ನೊರೆ ಆರತೊಡಗಿದರೆ ಇನ್ನೊಮ್ಮೆ ನೀರು, ಇನ್ನೊಮ್ಮೆ ನೊರೆ. ನಾನು ಕುರ್ಚಿಯಲ್ಲಿ ಮಿಸುಕಾಡಿದರೆ, "ನೆನೀಲಿ ಇರಿ, ಅವಸರ ಮಾಡಿದ್ರೆ ರಾತ್ರಿಯೆಲ್ಲ ಉರೀತದೆ" ಎನ್ನುತ್ತಿದ್ದರು. ಬಳಿಕ ಹೊಸ ಬ್ಲೇಡನ್ನು ಅದರ ಕಾಗದದಲ್ಲೇ ಹಿಡಿದು ಉದ್ದಕ್ಕೆ ಲಟಕ್ಕನೆ ಮುರಿದು, ಅರ್ಧವನ್ನು ಕತ್ತಿಗೆ ಸಿಕ್ಕಿಸುವರು. ಎಡಗೈ ಹೆಬ್ಬೆರಳು ಚರ್ಮವನ್ನು ಮೆಲ್ಲಗೆ ಬಿಗಿಮಾಡುತ್ತಿತ್ತು. ಬಲಗೈ ಒತ್ತುತ್ತಲೇ ಇರಲಿಲ್ಲ.

ಹಾಗೆ ಮುರಿಯುವ ಎರಡಲಗಿನ ತೆಳು ಬ್ಲೇಡು ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್‌ನ ಕೊಡುಗೆ. 1903ರಲ್ಲಿ, ಮಾರಾಟದ ಮೊದಲ ವರ್ಷ, ಅವನ ಕಂಪನಿಯಿಂದ ಹೋದದ್ದು 51 ರೇಜರು, 168 ಬ್ಲೇಡು ಮಾತ್ರ. ಪೇಟೆಂಟ್ ಸಿಕ್ಕಿದ್ದು 1904ರಲ್ಲಿ. ಮಸೆದು ಮಸೆದು ವರ್ಷಗಟ್ಟಲೆ ಬಳಸುತ್ತಿದ್ದ ಕತ್ತಿಯ ಜಾಗಕ್ಕೆ, ಮೊಂಡಾದರೆ ಎಸೆಯುವ ಅಲಗು ಬಂತು. ಆದರೆ ನಾವು ಅದನ್ನು ಎಸೆಯುವುದೇ ಇಲ್ಲ. ಹದಿನೈದು ದಿನ, ತಿಂಗಳು ಎಂದು ಎಳೆಯುತ್ತೇವೆ. ಕೂದಲಿಗಿಂತ ಉಕ್ಕು ಸುಮಾರು 50 ಪಟ್ಟು ಗಟ್ಟಿ, ಆದರೂ ಅಲಗು ಕೆಡುವುದು ಹೇಗೆ ಎಂದು ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ನೋಡಿ 2020ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಅಲಗು ಬರೀ ಸವೆಯುವುದಿಲ್ಲ, ಒಂದು ಕೂದಲಿನ ತಾಕಿಗೇ ಅಂಚಿನಲ್ಲಿ ಚೂರು ಎದ್ದು ಹೋಗಬಹುದು. ಮುಕ್ಕಾದ ಆ ಅಂಚು ಕೂದಲನ್ನು ಕೊಯ್ಯುವ ಬದಲು ಜಗ್ಗುತ್ತದೆ. ನನ್ನ ಲೆಕ್ಕ ನಾಲ್ಕು ಸಲ. ಐದನೆಯ ದಿನ ಹೊಸದು.

ಆಗಲೇ ನೀರಿನ ಮಾತು ಬಂದಿತಲ್ಲ, ಬೋರ್‌ವೆಲ್ ನೀರು ಬಳಸುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಬೆಂಗಳೂರಿನ ಹೊರಬಡಾವಣೆಗಳಲ್ಲಿ, ಬಯಲುಸೀಮೆಯ ಊರುಗಳಲ್ಲಿ ನಲ್ಲಿಯ ಬಾಯಲ್ಲಿ ಬಿಳಿ ಪೊರೆ ಕಟ್ಟಿರುವುದನ್ನು ನೋಡಿದ್ದೀರಿ. ಅದೇ ಸುಣ್ಣದ ಅಂಶ ಸೋಪಿನ ಜೊತೆ ಸೇರಿ ಜಿಗುಟು ಕಸರಾಗುತ್ತದೆ. ನೊರೆ ಏಳುವುದಿಲ್ಲ, ಎದ್ದರೂ ನಿಲ್ಲುವುದಿಲ್ಲ. ನೊರೆಯ ಕೆಲಸ ಅಲಗು ಜಾರುವ ಹಾಗೆ ಮಾಡುವುದು ಮತ್ತು ಕೂದಲಿನ ನೀರು ಆರದಂತೆ ಹಿಡಿದಿಡುವುದು. ಅದು ಒಡೆದರೆ ಬ್ಲೇಡು ನೇರ ಚರ್ಮದ ಮೇಲೆ ಓಡುತ್ತದೆ. ಬೋರ್ ನೀರಿನ ಮನೆಗೆ ಬಂದ ಹೊಸದರಲ್ಲಿ ನಾನು ಆರು ತಿಂಗಳು ಸೋಪು ಬದಲಿಸಿದೆ, ಬ್ರಶ್ ಬದಲಿಸಿದೆ, ಉರಿ ಹೋಗಲಿಲ್ಲ. ಒಂದು ದಿನ ಅಡುಗೆಮನೆಯ ಫಿಲ್ಟರಿನಿಂದ ಒಂದು ಲೋಟ ನೀರು ಹಿಡಿದು ಬಿಸಿಮಾಡಿ ನೊರೆ ಕಟ್ಟಿದೆ. ಮೊಸರಿನ ಕೆನೆಯಂಥ ನೊರೆ ಬಂತು! ಅಂದಿನಿಂದ ಆ ಒಂದು ಲೋಟ ನೀರು ತಪ್ಪಿಸಿಲ್ಲ.

ಇನ್ನು ದಿಕ್ಕು. ಕೆನ್ನೆಯ ಮೇಲೆ ಸಾಮಾನ್ಯವಾಗಿ ಕೂದಲು ಕೆಳಕ್ಕೆ ಇಳಿಯುತ್ತದೆ, ಅದು ಸುಲಭ. ಕುತ್ತಿಗೆಯಲ್ಲಿ ಒಬ್ಬೊಬ್ಬರದು ಒಂದೊಂದು ಥರ. ನನ್ನ ಎಡಗುತ್ತಿಗೆಯಲ್ಲಿ ಕೂದಲು ಕಿವಿಯ ಕಡೆಗೆ ಅಡ್ಡ ಮಲಗಿದೆ, ಗಂಟಲಿನ ಉಬ್ಬಿನ ಕೆಳಗೆ ಮೇಲ್ಮುಖವಾಗಿದೆ. ಎರಡು ದಿನ ಗಡ್ಡ ಬಿಟ್ಟು, ಬೆರಳಾಡಿಸಿ, ಈ ನಕ್ಷೆಯನ್ನು ಒಮ್ಮೆ ತಿಳಿದುಕೊಂಡರೆ ಜೀವಮಾನಕ್ಕೆ ಸಾಕು. ಮಲಗಿದ ದಿಕ್ಕಿಗೇ ಮೊದಲ ಸುತ್ತು. ಹಿಡಿ ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆ, ರೇಜರಿನ ಸ್ವಂತ ಭಾರವೇ ಒತ್ತಡ. ಕೆನ್ನೆಯಿಂದ ಶುರುಮಾಡಿ ಗಲ್ಲ, ಮೇಲ್ದುಟಿಗಳನ್ನು ಕೊನೆಗೆ ಇಟ್ಟುಕೊಳ್ಳಿ. ಅಲ್ಲಿನ ಕೂದಲು ಎಲ್ಲಕ್ಕಿಂತ ಬಿರುಸು, ಹೆಚ್ಚು ನೆನೆಯಲಿ. ಎರಡನೆಯ ಸುತ್ತು ಬೇಕೆನಿಸಿದರೆ ಮತ್ತೆ ನೊರೆ ಹಚ್ಚಿ ಅಡ್ಡಕ್ಕೆ ಎಳೆಯಿರಿ. ಕೂದಲಿಗೆ ಎದುರಾಗಿ ಎಳೆಯುವ ಮೂರನೆಯ ಸುತ್ತನ್ನು ನಾನು ಕುತ್ತಿಗೆಯ ಮಟ್ಟಿಗೆ ಸಂಪೂರ್ಣ ಬಿಟ್ಟಿದ್ದೇನೆ.

ಯಾಕೆಂದರೆ ಅತಿನುಣುಪಿನ ಆಸೆಯೇ ಗುಳ್ಳೆ ಎಬ್ಬಿಸುವುದು. ಸಾಲು ಬ್ಲೇಡಿನ ರೇಜರಿನಲ್ಲಿ ಮುಂದಿನ ಅಲಗು ಕೂದಲನ್ನು ಹಿಡಿದು ಎಳೆಯುತ್ತದೆ, ಅದು ಒಳಸರಿಯುವ ಮೊದಲೇ ಹಿಂದಿನದು ಕತ್ತರಿಸುತ್ತದೆ. ಉಳಿದ ತುದಿ ಚರ್ಮದ ಮಟ್ಟಕ್ಕಿಂತ ಕೆಳಗೆ ಹೋಗಿ ಕೂರುತ್ತದೆ. ನೇರಕೂದಲಿನವರಿಗೆ ತೊಂದರೆ ಕಡಿಮೆ. ಗುಂಗುರು ಕೂದಲಿನವರಿಗೆ ಓರೆಯಾಗಿ ಕೊಯ್ದ ಆ ತುದಿ ಹೊರಬರುವ ದಾರಿಯಲ್ಲಿ ಬಾಗಿ ಚರ್ಮಕ್ಕೇ ಚುಚ್ಚುತ್ತದೆ. ಆ ಹುಡುಗನ ಗಡ್ಡ ಗುಂಗುರು. ಅವನ ಐದು ಬ್ಲೇಡು ಉರಿಯನ್ನು ಹೆಚ್ಚಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಮೊದಲೇ ಗುಳ್ಳೆ ಎದ್ದಿದ್ದರೆ ಕೆಲವು ವಾರ ರೇಜರು ಮುಟ್ಟದೆ ಟ್ರಿಮ್ಮರಿನಲ್ಲಿ ತೆಳುಗಡ್ಡ ಉಳಿಸಿಕೊಳ್ಳುವುದು ಒಳ್ಳೆಯದು. ಕೀವು ಕಂಡರೆ ಚರ್ಮದ ವೈದ್ಯರಿಗೆ ತೋರಿಸಿ. ಕೂದಲನ್ನು ಉಗುರಿನಿಂದ ಕಿತ್ತು ತೆಗೆಯಬೇಡಿ.

ಆಮೇಲಿನದು ಸರಳ. ತಣ್ಣೀರು, ಒದ್ದೆಮುಖಕ್ಕೆ ಪಟಿಕದ ಕಲ್ಲು ಒಮ್ಮೆ ಸವರಿ ಅರ್ಧ ನಿಮಿಷ ಬಿಟ್ಟು ತೊಳೆಯುವುದು, ಉಜ್ಜದೆ ಒತ್ತಿ ಒರೆಸುವುದು. ಪಟಿಕ ಸಣ್ಣ ಗಾಯದ ರಕ್ತ ಕಟ್ಟುತ್ತದೆ. ಎಲ್ಲಿ ಚುರುಕ್ ಎಂದಿತೋ ಅಲ್ಲಿ ಕೈ ಹೆಚ್ಚು ಒತ್ತಿದೆ ಎಂದು ಅರ್ಥ. ನನ್ನ ಪಾಲಿಗೆ ಅದು ದಿನದ ಪರೀಕ್ಷೆ. ಒಣಚರ್ಮದವರಿಗೆ ಸ್ಪಿರಿಟ್ ಬೆರೆತ ಆಫ್ಟರ್‌ಶೇವ್ ಬೇಡವೇ ಬೇಡ.

ಹುಡುಗ ಮೂರು ವಾರ ಬಿಟ್ಟು ಮತ್ತೆ ಬಂದ. ಕುತ್ತಿಗೆ ಬಹಳ ಮಟ್ಟಿಗೆ ತಿಳಿಯಾಗಿತ್ತು. "ಇದನ್ನೆಲ್ಲ ನಂಗೆ ಯಾರೂ ಹೇಳೇ ಇರ್ಲಿಲ್ಲ ಅಂಕಲ್" ಎಂದ. ನಿಜ. ಸೈಕಲ್ ಹೊಡೆಯುವುದನ್ನು, ಪಂಚೆ ಉಡುವುದನ್ನು ಕಲಿಸುವ ಅಪ್ಪಂದಿರು ಇದನ್ನು ಕಲಿಸುವುದಿಲ್ಲ. ಮಗ ಬಾಗಿಲು ಹಾಕಿಕೊಂಡು ಅಪ್ಪನ ಹಳೆ ರೇಜರಿನಲ್ಲಿ ಶುರುಮಾಡುತ್ತಾನೆ. ನಿಮ್ಮ ಮನೆಯಲ್ಲಿ ಮೀಸೆ ಚಿಗುರುತ್ತಿರುವ ಹುಡುಗನಿದ್ದರೆ ಈ ಭಾನುವಾರ ಅವನನ್ನು ಕನ್ನಡಿಯ ಮುಂದೆ ಪಕ್ಕದಲ್ಲೇ ನಿಲ್ಲಿಸಿಕೊಳ್ಳಿ, ಬೆರಳಾಡಿಸಿ ಕೂದಲಿನ ದಿಕ್ಕು ತೋರಿಸಿ. ಅವನ ರೇಜರು, ಅವನ ಬ್ಲೇಡು ಬೇರೆಯೇ ಇರಲಿ. ರಕ್ತದ ಮೂಲಕ ಬರುವ ಸೋಂಕು ಹರಡಲು ಒಂದು ಸಣ್ಣ ಗೀರು ಸಾಕು.