ಸತ್ಯವೇದದ ಕನ್ನಡದಲ್ಲಿ ದೀಕ್ಷೆಯ ಮಾತು

ಪರಿಚಿತ ಕ್ರೈಸ್ತರ ಮನೆಗಳಲ್ಲಿ 'ಸತ್ಯವೇದ'ವೆಂಬ ಗ್ರಂಥವನ್ನು ತಾವು ಕಂಡಿರಬಹುದು. ಬೈಬಲ್ಲಿಗೆ ಕನ್ನಡದಲ್ಲಿ ರೂಢಿಯಾದ ಹೆಸರು ಅದು. ಅದರ ಪುಟಗಳಲ್ಲಿ ಲಿಂಗಾಯತ ಓದುಗನನ್ನು ತಟ್ಟನೆ ನಿಲ್ಲಿಸುವ ಶಬ್ದವೊಂದಿದೆ: ದೀಕ್ಷಾಸ್ನಾನ. ದೀಕ್ಷೆಯೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಮಸ್ತಕದ ಮೇಲಿನ ಗುರುಹಸ್ತ, ಕರಸ್ಥಲಕ್ಕೆ ಬಂದ ಇಷ್ಟಲಿಂಗ, ಕಿವಿಯಲ್ಲಿ ಉಸುರಿದ ಮಂತ್ರ. ಯೊರ್ದನ್ ಹೊಳೆಯ ದಂಡೆಯ ಕಥೆಗೆ ಈ ಮಾತು ಒಪ್ಪುವುದೇ?

ಇದನ್ನು ತಿಳಿಯಲು ಮೂಲಭಾಷೆಗಳತ್ತ ಹೋಗಬೇಕು. ಹಳೆಯ ಒಡಂಬಡಿಕೆ ಹೀಬ್ರೂ ಭಾಷೆಯದು. ದಾನಿಯೇಲ, ಎಜ್ರ ಮೊದಲಾದೆಡೆ ಕೆಲವು ಭಾಗಗಳು ಮಾತ್ರ ಅರಮಾಯಿಕ್ ಭಾಷೆಯವು. ಹೊಸ ಒಡಂಬಡಿಕೆ ಗ್ರೀಕ್ ಭಾಷೆಯದು. ಅದೂ ಪಂಡಿತರ ಗ್ರೀಕಲ್ಲ, ಪೇಟೆಬೀದಿಗಳ ಬಳಕೆಯ ನುಡಿ. ಜನ ಬಲ್ಲ ಮಾತಿನಲ್ಲಿಯೇ ಅನುಭಾವವನ್ನು ನುಡಿದ ಶರಣರನ್ನು ನೆನೆಯುವ ನಮಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಯೇಸು ಆಡುತ್ತಿದ್ದುದಾದರೋ ಅರಮಾಯಿಕ್ ಎಂಬುದು ವಿದ್ವಾಂಸರ ಮತ. ಎಂದ ಮೇಲೆ ಗ್ರೀಕ್ ಸುವಾರ್ತೆಗಳಲ್ಲಿ ಬರುವ ಆತನ ನುಡಿಗಳೇ ಬಹುಮಟ್ಟಿಗೆ ಅನುವಾದ!

ಗ್ರೀಕಿನ 'ಬಾಪ್ತಿಜೋ' ಎಂಬ ಕ್ರಿಯಾಪದಕ್ಕೆ ಅದ್ದು, ಮುಳುಗಿಸು ಎಂಬುದಷ್ಟೇ ಮೂಲಾರ್ಥ. ಅಲ್ಲಿ ಗುರುವಿಲ್ಲ, ಮಂತ್ರವಿಲ್ಲ. ಲ್ಯಾಟಿನ್ ಬೈಬಲ್ಲಾಗಲಿ 1611ರ ಇಂಗ್ಲಿಷ್ ಬೈಬಲ್ಲಾಗಲಿ ಆ ಶಬ್ದವನ್ನು ಅನುವಾದಿಸಲೇ ಇಲ್ಲ. ಗ್ರೀಕನ್ನೇ ತಮ್ಮ ಲಿಪಿಯಲ್ಲಿ ಬರೆದುಕೊಂಡು ಸುಮ್ಮನಾದವು. ಕನ್ನಡ ಹಾಗೆ ಜಾರಿಕೊಳ್ಳಲಿಲ್ಲ.

1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಆರಂಭಿಸಿದ ಕಾರ್ಯದಲ್ಲಿ ನಿಘಂಟುಕಾರ ವಿಲಿಯಂ ರೀವ್ ಕೈಗೂಡಿಸಿದರು. 1830ರ ದಶಕದ ಆರಂಭದ ವೇಳೆಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. ಅದೇ ದಶಕದಲ್ಲಿ ಬಾಸೆಲ್ ಮಿಶನ್ ಧಾರವಾಡದಲ್ಲಿಯೂ ನಮ್ಮ ದುಂಡಸಿಗೆ ದೂರವಲ್ಲದ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿತು. ಆ ಮಿಶನ್ನಿನ ವೈಗ್ಲೆಯವರು ಅನುವಾದದ ಪರಿಷ್ಕರಣಕ್ಕೆ ದುಡಿದರು. ಅವರ ಒಡನಾಡಿ ಮೋಗ್ಲಿಂಗರು ಬಸವಪುರಾಣ, ಚೆನ್ನಬಸವಪುರಾಣಗಳನ್ನು ಅಚ್ಚು ಹಾಕಿಸಿದವರು. ಮತಪ್ರಚಾರ ಅವರ ಉದ್ದೇಶವಾಗಿತ್ತೆಂಬುದನ್ನು ಮರೆಯಬೇಕಾಗಿಲ್ಲ. ನಮ್ಮ ಪುರಾಣಗಳನ್ನು ಶ್ರದ್ಧೆಯಿಂದ ಓದಿದರೆಂಬುದನ್ನೂ ಮರೆಯಲಾಗದು. ಇಂಥ ಓದಿನಲ್ಲಿ ಪಳಗಿದ ಕನ್ನಡದೊಳಕ್ಕೆ ದೀಕ್ಷೆಯ ಮಾತು ಬಂದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಅದು ಎಲ್ಲ ಕಡೆಗೂ ಒಂದೇ ಸಮನಾಗಿ ಹೊಂದುವುದಿಲ್ಲ. ಕ್ರೈಸ್ತ ಸಭೆಯೊಳಕ್ಕೆ ಹೊಸಬನನ್ನು ಬರಮಾಡಿಕೊಳ್ಳುವ ಪ್ರಸಂಗದಲ್ಲಿ ಈ ಶಬ್ದ ಗ್ರೀಕಿಗಿಂತಲೂ ಸ್ಪಷ್ಟ. ಮತ್ತಾಯನ ಮೂರನೆಯ ಅಧ್ಯಾಯದಲ್ಲಿಯೋ, ಜನರು ಪಾಪಗಳನ್ನು ಒಪ್ಪಿಕೊಂಡು ಹೊಳೆಯಲ್ಲಿ ಮುಳುಗೇಳುವರು. ಅಲ್ಲಿ ದೀಕ್ಷೆಯೆಂದರೆ ಮೂಲದಲ್ಲಿಲ್ಲದ ಗುರುಪರಂಪರೆಯೊಂದು ನೀರಿಗಿಳಿದಂತಾಗುತ್ತದೆ. ವಚನಗಳನ್ನು ಇಂಗ್ಲಿಷಿಗೆ ತರುವವರು ಜಂಗಮನನ್ನು ಪುರೋಹಿತನನ್ನಾಗಿಸಿದರೆ ನಮಗಾಗುವ ಇರುಸುಮುರುಸೇ ಇಲ್ಲಿ ಗ್ರೀಕ್ ಬಲ್ಲವನಿಗೆ ಆದೀತು.

ಇನ್ನೊಂದೆಡೆ ಅನುವಾದಕರು ಬೇಡವಾದ ಸಂಕೋಚ ತೋರಿದ್ದಾರೆ. ಹೀಬ್ರೂವಿನ 'ರುಆಹ್', ಗ್ರೀಕಿನ 'ಪ್ನ್ಯೂಮ' ಎರಡಕ್ಕೂ ಗಾಳಿ, ಉಸಿರು, ಚೈತನ್ಯ ಎಂಬ ಅರ್ಥಗಳು ಕೂಡಿಯೇ ಇವೆ. ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಆ ಒಂದೇ ಶಬ್ದ ಒಮ್ಮೆ ಗಾಳಿಯಾಗಿ, ಒಮ್ಮೆ ಆತ್ಮವಾಗಿ ಆಡುತ್ತದೆ. ಕನ್ನಡದಲ್ಲಿ ಗಾಳಿ ಬೇರೆ, ಆತ್ಮ ಬೇರೆಯಾಗಿ ಆ ಶ್ಲೇಷೆ ಒಡೆದುಹೋಗಿದೆ. ನಮ್ಮ 'ಪ್ರಾಣ' ವಾಯುವೂ ಹೌದು, ಉಸಿರೂ ಹೌದು, ಜೀವವೂ ಹೌದು. ಪ್ರಾಣಲಿಂಗವೆಂದಾಗ ಅದರ ಎತ್ತರವೇ ಬೇರೆ. ದೀಕ್ಷೆಯನ್ನು ಕಡ ತಂದವರು ಪ್ರಾಣವನ್ನೇಕೆ ಬಿಟ್ಟರೋ!