ಹಗ್ಗದ ಕಾವಲಿನವರು

ಬೇಗೂರಿನ ಸುತ್ತ ಇನ್ನೂ ಮನೆ ಏಳದ ಯಾವ ಖಾಲಿ ಸೈಟಿಗೆ ಹೋದರೂ ಹುಡುಗರ ಕ್ರಿಕೆಟ್ಟಿನಲ್ಲಿ ಒಂದು ಕಟ್ಟಳೆ ತಪ್ಪುವುದಿಲ್ಲ. ಬ್ಯಾಟ್ ತಂದವನಿಗೆ ಮೊದಲ ಬ್ಯಾಟಿಂಗ್, ಮೈ ಬಲಿತವನಿಗೆ ಬೌಲಿಂಗ್, ಎಲ್ಲರಿಗಿಂತ ಚಿಕ್ಕವನಿಗೆ ಮಾತ್ರ ‘ಲೇ, ನೀನು ಬೌಂಡರಿಗೆ ಹೋಗೋ’. ಹಾಗೆ ಹೋದವನ ಪಾಲಿಗೆ ಬರುವುದು ಮೋರಿಗೆ ಬಿದ್ದ ಚೆಂಡು, ಯಾರದೋ ಮನೆಯ ಗೇಟಿನ ಮುಂದೆ ‘ಆಂಟೀ, ಬಾಲು’ ಎಂದು ನಿಲ್ಲುವ ಕೆಲಸ. ಅಮೆರಿಕದ ಶಾಲಾ ಬೇಸ್‌ಬಾಲ್‌ನಲ್ಲೂ ಇದೇ ನ್ಯಾಯ. ಆಟ ಬಾರದ ಹುಡುಗನನ್ನು ರೈಟ್‌ಫೀಲ್ಡಿಗೆ ಅಟ್ಟುತ್ತಾರೆ. ಆ ವಯಸ್ಸಿನಲ್ಲಿ ಬಲಗೈ ಬ್ಯಾಟರ್‌ಗಳೇ ಹೆಚ್ಚು, ಆ ಕಡೆಗೆ ಚೆಂಡು ಬರುವುದೇ ಅಪರೂಪ. ಆದರೆ ಮೇಜರ್ ಲೀಗ್ ತಲುಪಿದ ಮೇಲೆ ಲೆಕ್ಕ ತಲೆಕೆಳಗಾಗುತ್ತದೆ. ಬಹುಪಾಲು ಆ ರೈಟ್‌ಫೀಲ್ಡಿನಲ್ಲೇ ನಿಂತು ಜಪಾನಿನ ಇಚಿರೊ ಸುಜುಕಿ 2001ರಿಂದ 2010ರವರೆಗೆ ವರ್ಷ ತಪ್ಪದೆ ಹತ್ತು ಬಾರಿ, ಫೀಲ್ಡಿಂಗ್‌ಗೆಂದೇ ಇರುವ ಗೋಲ್ಡ್ ಗ್ಲೋವ್ ಪ್ರಶಸ್ತಿ ಗೆದ್ದರು.

ಶಾಲೆಯಲ್ಲಿ ಶಿಕ್ಷೆಯಂತಿರುವ ಜಾಗವನ್ನು ವಿದ್ಯೆಯಾಗಿ ಮಾಡಿಕೊಂಡ ಕರ್ನಾಟಕದ ಆಟಗಾರ ಯಾರು ಎಂದು ಕೇಳಿದರೆ ನಾನು ಯೋಚಿಸದೆ ಹೇಳುವ ಹೆಸರು ಮನೀಶ್ ಪಾಂಡೆ. ಮೂಗು ಮುರಿಯುವವರಿದ್ದಾರೆ, ಗೊತ್ತು. ಜಯನಗರದ ಯಾವ ದರ್ಶಿನಿಯ ಮುಂದೆ ಕಾಫಿ ಲೋಟ ಹಿಡಿದು ನಿಂತರೂ ‘ಪಾಂಡೇನಾ? ಅಷ್ಟೊಂದು ಪ್ರತಿಭೆ ಇಟ್ಕೊಂಡು ಏನು ಮಾಡ್ದ?’ ಎಂದು ಕೇಳುವವರು ಒಬ್ಬರಾದರೂ ಸಿಗುತ್ತಾರೆ. ಬ್ಯಾಟಿಂಗ್ ಮಟ್ಟಿಗೆ ಅವರ ಜೊತೆ ನನಗೆ ಜಗಳವಿಲ್ಲ. ನನ್ನ ತಕರಾರು ಬೇರೆ.

ಮೊದಲು ನಡೆದುಬಂದ ದಾರಿ. 1989ರಲ್ಲಿ ನೈನಿತಾಲ್‌ನಲ್ಲಿ ಹುಟ್ಟಿದ ಪಾಂಡೆ ಸೇನಾಧಿಕಾರಿಯ ಮಗ. ಅಪ್ಪನಿಗೆ ವರ್ಗವಾದಂತೆಲ್ಲ ಊರು ಬದಲಾಗುವ ಬಾಲ್ಯ. ಹದಿಹರೆಯದಲ್ಲಿ ಬೆಂಗಳೂರಿಗೆ ಬಂದು ಎಎಸ್‌ಸಿ ಸೆಂಟರ್‌ನ ಕೇಂದ್ರೀಯ ವಿದ್ಯಾಲಯ ಸೇರಿದ ಮೇಲೆ ಊರೂ ನಿಂತಿತು, ಆಟವೂ ನಿಂತಿತು. ಅಂದರೆ ಕಾಲೂರಿ ನಿಂತಿತು. 2008ರಲ್ಲಿ ವಿರಾಟ್ ಕೊಹ್ಲಿ ನಾಯಕತ್ವದಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. ಮರುವರ್ಷ ಮೇ 21ರಂದು ದಕ್ಷಿಣ ಆಫ್ರಿಕಾದ ಸೆಂಚುರಿಯನ್‌ನಲ್ಲಿ ಆರ್‌ಸಿಬಿ ಪರ 73 ಎಸೆತಗಳಲ್ಲಿ ಔಟಾಗದೆ 114. ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯನಿಗೆ ಆಗಿನ್ನೂ 19. ಅದಾಗಿ ಎಂಟು ತಿಂಗಳಿಗೆ ಮೈಸೂರಿನ ಗಂಗೋತ್ರಿಯಲ್ಲಿ ಮುಂಬೈ ವಿರುದ್ಧ ರಣಜಿ ಫೈನಲ್. ಗೆಲ್ಲಲು 338 ಬೇಕಿತ್ತು, ಪಾಂಡೆ 144 ಹೊಡೆದರು, ಕರ್ನಾಟಕ 331ಕ್ಕೆ ಆಲೌಟ್. ಆ ಆರು ರನ್‌ಗಳ ಸೋಲು ನಮ್ಮ ಪೀಳಿಗೆಯ ಅಭಿಮಾನಿಗಳಿಗೆ ಇವತ್ತಿಗೂ ಗಂಟಲಲ್ಲಿ ಸಿಕ್ಕ ಮುಳ್ಳು.

2014ರ ಐಪಿಎಲ್ ಫೈನಲ್‌ನಲ್ಲಿ ನಮ್ಮದೇ ಚಿನ್ನಸ್ವಾಮಿಯಲ್ಲಿ ಕೋಲ್ಕತ್ತಕ್ಕಾಗಿ 50 ಎಸೆತಗಳಲ್ಲಿ 94. 2016ರ ಜನವರಿಯಲ್ಲಿ ಸಿಡ್ನಿಯಲ್ಲಿ 331ರ ಗುರಿ ಬೆನ್ನಟ್ಟಿ ಔಟಾಗದೆ 104. ಅಲ್ಲಿಂದ ಮುಂದೆ ಏರು ಕಡಿಮೆ, ಇಳಿಜಾರು ಹೆಚ್ಚು. 29 ಏಕದಿನ, 39 ಟಿ20. 2021ರ ಶ್ರೀಲಂಕಾ ಪ್ರವಾಸದ ನಂತರ ಭಾರತದ ಅಂಗಿ ಮತ್ತೆ ಸಿಗಲಿಲ್ಲ, ಟೆಸ್ಟ್ ಅಂತೂ ಒಂದನ್ನೂ ಆಡಲಿಲ್ಲ. ಆದರೂ 2008ರಿಂದ 2025ರವರೆಗೆ ಹದಿನೆಂಟೂ ಐಪಿಎಲ್ ಆಡಿದವರು ನಾಲ್ಕೇ ಮಂದಿ: ಧೋನಿ, ಕೊಹ್ಲಿ, ರೋಹಿತ್, ಮನೀಶ್ ಪಾಂಡೆ. ಮೊದಲ ಮೂವರು ಯಾಕೆ ಉಳಿದರು ಎಂದು ಯಾರೂ ಕೇಳುವುದಿಲ್ಲ. ನಾಲ್ಕನೆಯವರು ಉಳಿದದ್ದಕ್ಕೆ ನನ್ನ ಉತ್ತರದ ಅರ್ಧ ಭಾಗ ಬ್ಯಾಟಿನಲ್ಲಿಲ್ಲ, ಕಾಲು ಮತ್ತು ಕೈಯಲ್ಲಿದೆ.

2020ರ ಜನವರಿ 17, ರಾಜಕೋಟ್. ರಿಷಭ್ ಪಂತ್ ತಲೆಗೆ ಪೆಟ್ಟು ತಿಂದಿದ್ದರಿಂದ ಪಾಂಡೆಗೆ ಅವಕಾಶ ಸಿಕ್ಕಿತ್ತು. ಹೊಡೆದದ್ದು 2 ರನ್. ಅದೇ ಇನಿಂಗ್ಸ್‌ನಲ್ಲಿ ನಮ್ಮ ಕೆ.ಎಲ್. ರಾಹುಲ್ 52 ಎಸೆತಗಳಲ್ಲಿ 80 ಬಾರಿಸಿದ್ದರು, ಹಾಗಾಗಿ ಹೋಲಿಕೆ ಇನ್ನೂ ಚುಚ್ಚುವಂತಿತ್ತು. ಆಸ್ಟ್ರೇಲಿಯಾ 341 ಬೆನ್ನಟ್ಟಲು ಇಳಿದಾಗ ಮೊಹಮ್ಮದ್ ಶಮಿಯ ಚೆಂಡನ್ನು ಡೇವಿಡ್ ವಾರ್ನರ್ ಕವರ್ ಕಡೆಗೆ ಬಲವಾಗಿ ಬಾರಿಸಿದರು. ಅದು ತಲೆಯ ಮೇಲಿಂದ ದಾಟಿ ಬೌಂಡರಿ ಸೇರಬೇಕಿದ್ದ ಹೊಡೆತ. ಪಾಂಡೆ ನಿಂತಲ್ಲಿಂದಲೇ ಮೇಲಕ್ಕೆ ಜಿಗಿದು, ಒಂದೇ ಕೈ ಚಾಚಿ, ಚೆಂಡನ್ನು ಅಲ್ಲೇ ಕಿತ್ತುಕೊಂಡರು. ವಾರ್ನರ್ 15. ಭಾರತ 36 ರನ್‌ಗಳಿಂದ ಗೆದ್ದಿತು. ಸ್ಕೋರ್‌ಕಾರ್ಡ್ ತೆರೆದು ನೋಡಿ: ಪಾಂಡೆ, 2. ವಾರ್ನರ್ ಸಾಲಿನಲ್ಲಿ ಕ್ಯಾಚಿಗೊಂದು ಪುಟ್ಟ ಗುರುತು. ಅಷ್ಟೇ.

ಹಾಗೆ ನೋಡಿದರೆ ಅದು ವೃತ್ತದ ಒಳಗಿನ ಕ್ಯಾಚು. ಬೌಂಡರಿ ಹಗ್ಗದ ಬಳಿಯ ಕಸುಬು ನೋಡಬೇಕೆಂದರೆ ನಮ್ಮ ರಾಜ್ಯದ ಟಿ20 ಪಂದ್ಯಾವಳಿಯಾದ ಮಹಾರಾಜ ಟ್ರೋಫಿಯ 2023ರ ಫೈನಲ್ ನೋಡಬೇಕು. ಪಾಂಡೆ ನಾಯಕತ್ವದ ಹುಬ್ಬಳ್ಳಿ ಟೈಗರ್ಸ್ 203, ಕರುಣ್ ನಾಯರ್ ನಾಯಕತ್ವದ ಮೈಸೂರು ವಾರಿಯರ್ಸ್ ಬೆನ್ನಟ್ಟುತ್ತಿದೆ, ಕೊನೆಯ ಓವರ್. ಮೇಲೆದ್ದ ಚೆಂಡು ನೇರ ಸಿಕ್ಸರ್ ಎಂದು ಎಲ್ಲರಿಗೂ ಖಾತ್ರಿ. ಪಾಂಡೆಯ ಕಾಲು ನೆಲ ಬಿಟ್ಟದ್ದು ಹಗ್ಗದ ಒಳಗಿನಿಂದ. ಮೈ ಗಾಳಿಯಲ್ಲೇ ಹಗ್ಗ ದಾಟಿತು. ನೆಲ ಮುಟ್ಟುವ ಮೊದಲೇ ಚೆಂಡು ಕೈಬಿಟ್ಟು ಮೈದಾನದೊಳಕ್ಕೆ ವಾಪಸ್ ಬಂದಿತ್ತು. ಹುಬ್ಬಳ್ಳಿ ಗೆದ್ದದ್ದು 8 ರನ್‌ಗಳಿಂದ. ಆ ಚೆಂಡಿಗೆ ಆರು ಹೋಗಿದ್ದರೆ ಪಂದ್ಯ ಎತ್ತ ವಾಲುತ್ತಿತ್ತೋ. ಇಲ್ಲಿ ಕ್ಯಾಚ್ ಕೂಡ ಇಲ್ಲ, ಆದ್ದರಿಂದ ದಾಖಲೆಯಲ್ಲಿ ಆ ಹಾರಾಟದ ಸುಳಿವೇ ಇಲ್ಲ. ಅವತ್ತು ಅವರು ಹೊಡೆದ ಅರ್ಧ ಶತಕ ಮಾತ್ರ ಭದ್ರವಾಗಿದೆ.

ಇಂಥ ಹಾರಾಟಕ್ಕೆ ನಿಯಮದ ಸೂಕ್ಷ್ಮವೂ ಇದೆ. ಹಗ್ಗದ ಆಚೆ ಹೋದ ಫೀಲ್ಡರ್ ಗಾಳಿಯಲ್ಲಿ ಮತ್ತೆ ಮತ್ತೆ ಪುಟಿದು ಚೆಂಡು ತಟ್ಟುತ್ತಿರಬಹುದೇ ಎಂಬ ತಕರಾರಿಗೆ 2025ರ ಜೂನ್‌ನಲ್ಲಿ ಐಸಿಸಿ ತೆರೆ ಎಳೆಯಿತು. ಆಚೆ ಹೋದ ಮೇಲೆ ಗಾಳಿಯಲ್ಲಿದ್ದು ಒಮ್ಮೆ ಮಾತ್ರ ಮುಟ್ಟಬಹುದು, ಆಮೇಲೆ ಒಳಗೇ ಇಳಿಯಬೇಕು. ಒಳ್ಳೆಯ ತೀರ್ಮಾನ. ಹಗ್ಗದ ಆಚೆಗಿನ ಕುಪ್ಪಳಿಸುವ ಸರ್ಕಸ್ ನನಗೆ ಎಂದೂ ಫೀಲ್ಡಿಂಗ್ ಅನ್ನಿಸಿಲ್ಲ.

ಚೆಂಡು ಕೈಗೆ ಬಂದಾಗ ಫೀಲ್ಡರ್‌ನನ್ನು ನೋಡುವುದು ತಡವಾದ ನೋಟ. ಬೌಲರ್ ಓಡಿ ಬರುವಾಗ ಆತ ಎರಡು ಹೆಜ್ಜೆ ಒಳಗೆ ಬರುತ್ತಾನೋ ಇಲ್ಲವೋ, ಚೆಂಡು ಬ್ಯಾಟಿಗೆ ತಗಲುವ ಕ್ಷಣಕ್ಕೆ ಮೈಭಾರ ಬೆರಳ ಮೇಲಿದೆಯೋ ಹಿಮ್ಮಡಿಯ ಮೇಲಿದೆಯೋ, ಮೊದಲ ಹೆಜ್ಜೆ ಸರಿಯಾದ ದಿಕ್ಕಿಗೇ ಬಿತ್ತೋ — ಇಷ್ಟರಲ್ಲಿ ಮುಕ್ಕಾಲು ಕೆಲಸ ಮುಗಿದಿರುತ್ತದೆ. ಬಾನಿಗೆ ಎದ್ದ ಚೆಂಡು ಎಲ್ಲಿ ಬೀಳುತ್ತದೆ ಎಂದು ಫೀಲ್ಡರ್‌ಗೆ ಹೇಗೆ ತಿಳಿಯುತ್ತದೆ? ಅಮೆರಿಕದ ಭೌತವಿಜ್ಞಾನಿ ಸೆವಿಲ್ ಚಾಪ್‌ಮನ್ 1968ರಲ್ಲೇ ಬೇಸ್‌ಬಾಲ್ ಔಟ್‌ಫೀಲ್ಡರ್‌ಗಳನ್ನು ಮುಂದಿಟ್ಟುಕೊಂಡು ಇದಕ್ಕೆ ಉತ್ತರ ಕೊಟ್ಟಿದ್ದರು. ಕಣ್ಣಿಗೆ ಚೆಂಡು ಒಂದೇ ವೇಗದಲ್ಲಿ ಮೇಲೇರುತ್ತಿರುವಂತೆ ಕಂಡರೆ ನೀವು ಸರಿಯಾದ ಜಾಗದಲ್ಲಿದ್ದೀರಿ. ಏರುವ ವೇಗ ಹೆಚ್ಚುತ್ತಿದ್ದರೆ ಅದು ತಲೆಯ ಮೇಲಿಂದ ಹೋಗುತ್ತದೆ, ಹಿಂದೆ ಓಡಿ. ನಿಧಾನವಾದರೆ ಮುಂದೆ ಬೀಳುತ್ತದೆ, ನುಗ್ಗಿ. ಬೇಗೂರಿನ ಹುಡುಗನಿಗೆ ಈ ಲೆಕ್ಕ ಯಾರೂ ಹೇಳಿಕೊಟ್ಟಿರುವುದಿಲ್ಲ. ಸಂಜೆಯಿಡೀ ಚೆಂಡು ಹಿಡಿದು ಹಿಡಿದು ಅವನ ಕಾಲೇ ಕಲಿತಿರುತ್ತದೆ.

ನಮ್ಮ ಊರಿನ ಗಾಳಿಗೆ ಇನ್ನೊಂದು ತೊಡಕಿದೆ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಹೊಡೆದ ಚೆಂಡು ತುಸು ಹೆಚ್ಚೇ ದೂರ ಹೋಗುತ್ತದೆ. ಚಿನ್ನಸ್ವಾಮಿಯ ಬೌಂಡರಿ ಮೊದಲೇ ಚಿಕ್ಕದು. ಚೆನ್ನೈಯಲ್ಲಿ ಕ್ಯಾಚ್ ಆಗುವ ಹೊಡೆತ ಇಲ್ಲಿ ಗ್ಯಾಲರಿಗೆ ಬೀಳಬಹುದು. ಇಲ್ಲಿ ಬೆಳೆದ ಫೀಲ್ಡರ್ ಹಗ್ಗದ ಮೇಲೆ ಒಂದು ಕಣ್ಣಿಟ್ಟೇ ಓಡುವುದನ್ನು ಕಲಿಯಬೇಕು. ಬೇಸ್‌ಬಾಲ್‌ನವರಿಗೆ ಕೈಗವಸಿದೆ, ಚೆಂಡೂ ಹಗುರ, 150 ಗ್ರಾಂ ಒಳಗೆ. ನಮ್ಮದು 156 ಗ್ರಾಂಗೆ ಕಡಿಮೆಯಿಲ್ಲದ ಚೆಂಡು, ಬರಿಗೈ.

ಆದರೆ ಒಂದು ವಿಷಯದಲ್ಲಿ ಅವರನ್ನು ಮೆಚ್ಚಲೇಬೇಕು. ಬೇಸ್‌ಬಾಲ್ ಸ್ಕೋರ್ ಪುಸ್ತಕದಲ್ಲಿ ಫೀಲ್ಡರ್ ಮಾಡಿದ ತಪ್ಪಿಗೂ ಲೆಕ್ಕವಿದೆ, ಔಟ್ ಮಾಡಲು ಕೊಟ್ಟ ಥ್ರೋಗೂ ಲೆಕ್ಕವಿದೆ. 1957ರಿಂದ ಗೋಲ್ಡ್ ಗ್ಲೋವ್ ಕೊಡುತ್ತಿದ್ದಾರೆ. ನಮ್ಮಲ್ಲಿ ಫೀಲ್ಡರ್‌ಗೆ ಡ್ರೆಸ್ಸಿಂಗ್ ರೂಮಿನಲ್ಲಿ ಪದಕ ಹಾಕುವ ಪದ್ಧತಿ ಜನರ ಕಣ್ಣಿಗೆ ಬಿದ್ದದ್ದು 2023ರ ವಿಶ್ವಕಪ್‌ನಲ್ಲಿ. ನಮ್ಮ ಬೇಗೂರಿನ ಪಂಚಲಿಂಗೇಶ್ವರ ಗುಡಿಯಲ್ಲಿರುವ ಕ್ರಿ.ಶ. 890ರ ಸುಮಾರಿನ ಶಾಸನ ಕೂಡ ಬೆಂಗಳೂರು ಕಾಳಗದಲ್ಲಿ ಮಡಿದವನ ಹೆಸರನ್ನು ಮರೆಯದೆ ಕೊರೆದಿಟ್ಟಿದೆ. ಸ್ಕೋರ್ ಬರೆಯುವವರಿಗೆ ಅಷ್ಟು ಔದಾರ್ಯವೂ ಇಲ್ಲವೇ?

ಕರ್ನಾಟಕದ ಅಭಿರುಚಿಯೂ ಸ್ಲಿಪ್ ಕಡೆಗೇ ವಾಲಿದ್ದು. ಅದಕ್ಕೆ ಕಾರಣವಿದೆ. ರಾಹುಲ್ ದ್ರಾವಿಡ್ ಟೆಸ್ಟ್‌ನಲ್ಲಿ ಹಿಡಿದ 210 ಕ್ಯಾಚುಗಳ ದಾಖಲೆ 2025ರಲ್ಲಿ ಜೋ ರೂಟ್ ಮುರಿಯುವವರೆಗೆ ನಿಂತಿತ್ತು. ಅದಕ್ಕೂ ಮೊದಲು ಜಿ.ಆರ್. ವಿಶ್ವನಾಥ್ ಇದ್ದರು. ಕವರ್‌ನಲ್ಲಿ ಚಿಗರೆಯಂತೆ ಓಡುತ್ತಿದ್ದ ಬ್ರಿಜೇಶ್ ಪಟೇಲರನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಹಗ್ಗದ ಬಳಿ ನಿಂತವರನ್ನು ಮಾತ್ರ ಯಾರೂ ಕೇಳಲಿಲ್ಲ.

ಈ ಮಾತು ವೇದಾ ಕೃಷ್ಣಮೂರ್ತಿ ಅವರಿಗೂ ಸಲ್ಲಬೇಕು. ಕಡೂರಿನ ಬೀದಿಯಲ್ಲಿ ಹುಡುಗರ ಜೊತೆ ಆಡುತ್ತಿದ್ದ ಬಾಲಕಿ ಶಾಲೆಯ ವಯಸ್ಸಿನಲ್ಲೇ ಕ್ರಿಕೆಟ್‌ಗಾಗಿ ಬೆಂಗಳೂರಿಗೆ ಬಂದರು. 2011ರಲ್ಲಿ ಡರ್ಬಿಯಲ್ಲಿ ಮೊದಲ ಏಕದಿನ ಪಂದ್ಯದಲ್ಲೇ ಅರ್ಧ ಶತಕ. ಆರು ವರ್ಷದ ಮೇಲೆ ಅದೇ ಡರ್ಬಿಯಲ್ಲಿ, ವಿಶ್ವಕಪ್ ಸೆಮಿಫೈನಲ್‌ಗೆ ಹೋಗಬೇಕಿದ್ದರೆ ಗೆಲ್ಲಲೇಬೇಕಿದ್ದ ಪಂದ್ಯದಲ್ಲಿ ನ್ಯೂಜಿಲೆಂಡ್ ವಿರುದ್ಧ 45 ಎಸೆತಗಳಲ್ಲಿ 70. ಆಮೇಲೆ ಆಸ್ಟ್ರೇಲಿಯಾದ ಬಿಗ್ ಬ್ಯಾಷ್‌ನಲ್ಲಿ ಹೋಬಾರ್ಟ್ ಹರಿಕೇನ್ಸ್. 2025ರ ಜುಲೈನಲ್ಲಿ ನಿವೃತ್ತಿ ಹೇಳಿದಾಗ ಬಂದ ವರದಿಗಳಲ್ಲಿ ರನ್ನುಗಳೇ ತುಂಬಿದ್ದವು. ಭಾರತದ ಮಹಿಳಾ ತಂಡ ಫೀಲ್ಡಿಂಗ್‌ನಲ್ಲಿ ಸೋಮಾರಿ ಎಂಬ ಅಪವಾದ ಹೊತ್ತಿದ್ದ ಕಾಲದಲ್ಲಿ ಬೌಂಡರಿಯಿಂದ ಬೌಂಡರಿಗೆ ಓಡಿದವರು ಅವರು.

ಒಬ್ಬ ಒಳ್ಳೆಯ ಔಟ್‌ಫೀಲ್ಡರ್‌ನ ಬೆಲೆ ತಿಳಿಯುವುದು ಎದುರಾಳಿಯ ಮುಖದಲ್ಲಿ. ಪಾಂಡೆ ಕಡೆಗೆ ಚೆಂಡು ಉರುಳಿದಾಗ ನಾನ್‌ಸ್ಟ್ರೈಕರ್ ಕೈಯೆತ್ತಿ ‘ಬೇಡ’ ಎನ್ನುತ್ತಾನಲ್ಲ, ಆ ತೆಗೆದುಕೊಳ್ಳದ ಎರಡನೇ ರನ್ ಯಾರ ಖಾತೆಗೂ ಬರುವುದಿಲ್ಲ. ಅದನ್ನು ಪಾಂಡೆ ಖಾತೆಗೆ ಬರೆದರೆ ಅವರ ಸರಾಸರಿಯ ಮೇಲಿನ ವಾದ ಎಷ್ಟೋ ಮೆತ್ತಗಾಗುತ್ತದೆ ಎನ್ನುವುದೇ ನನ್ನ ತಕರಾರು.

ಹಾಗಾಗಿ ಶಾಲಾ ಕ್ರಿಕೆಟ್ ನಡೆಸುವವರಲ್ಲಿ ಒಂದು ಕೋರಿಕೆ. ಬಿ.ಟಿ. ರಾಮಯ್ಯ ಶೀಲ್ಡ್ ಇರಲಿ, ಜೆ.ಪಿ. ನಗರ, ಬನಶಂಕರಿಯ ಶಾಲೆಗಳ ನಡುವಿನ ಪಂದ್ಯವೇ ಇರಲಿ, ಸ್ಕೋರ್ ಹಾಳೆಯಲ್ಲಿ ಇನ್ನೊಂದು ಗೆರೆ ಎಳೆಯಿರಿ: ಯಾರು ಎಷ್ಟು ರನ್ ತಡೆದರು, ಎಷ್ಟು ಬಿಟ್ಟರು. ಪೆನ್ಸಿಲ್ ಹಿಡಿದ ಒಬ್ಬ ಹುಡುಗಿಯೋ ಹುಡುಗನೋ ಸಾಕು, ಖರ್ಚೇನೂ ಇಲ್ಲ. ಬಹುಮಾನ ಕೊಡುವಾಗ ಆ ಕಾಲಂ ನೋಡಿ ಒಂದು ಕಪ್ ಕೊಡಿ.